ಯರಿನಾಡಿನ ದಾರಿ, ಹಳೆ ಗಾಡಿಯ ಶಾಕಪ್

ಸೊಲ್ಲಾಪುರದಿಂದ ಕುಂಭಾರಿ, ವಳಸಂಗ ದಾಟಿ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್. ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರಿಗೆ ಇದು ಸಲೀಸಾದ ದಾರಿ. ಹೆದ್ದಾರಿ ಬಿಟ್ಟು ಮೈಂದರ್ಗಿ, ದುಧನಿ, ನಾಗಣಸೂರ ಕಡೆಯ ಹೊಲದ ಹಾದಿಗೆ ಇಳಿದಾಗ ಮಾತ್ರ ಗಾಡಿಯ ಬಂಡವಾಳ ಗೊತ್ತಾಗುತ್ತದೆ. ಇಲ್ಲಿನದು ಯರಿಭೂಮಿ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರೂ ಮಣ್ಣಿನ ಜೊತೆ ಏಳುತ್ತದೆ, ಕುಸಿಯುತ್ತದೆ. ಕಬ್ಬಿನ ಟ್ರ್ಯಾಲಿಗಳು ಕೊರೆದ ಗಾಲಿಹಾದಿ ಬೇರೆ. ಇಂಥ ನೆಲದಲ್ಲಿ ಹಳೆಯ ಬೈಕ್‌ಗಳಾದ ಯೆಜ್ಡಿ, ರಾಜದೂತ್‌ಗಳು ಇನ್ನೂ ಓಡುತ್ತಿದ್ದರೆ ಅದರ ಶ್ರೇಯ ಎಂಜಿನ್‌ಗೆ ಸಲ್ಲುವಷ್ಟೇ ಹಿಂದಿನ ಶಾಕಪ್ ಬಿಚ್ಚಿ ಕಟ್ಟಬಲ್ಲ ಕೈಗಳಿಗೂ ಸಲ್ಲಬೇಕು.

‘ಹಿಂದಿನ ಶಾಕಪ್ ಕೂತಾವ್ರಿ ಮಾಮಾ’ ಎಂದು ಬರುವ ಗಿರಾಕಿಗೆ ಹೊಸ ಜೋಡಿ ಮಾರುವುದು ಸುಲಭ. ಆದರೆ ಯೆಜ್ಡಿಯಂಥ ಗಾಡಿಗೆ ಅದರ ಕಾರ್ಖಾನೆಯ ಜೋಡಿ ಎಲ್ಲಿಂದ ತರುವುದು? ರುಸ್ತುಂ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಮೈಸೂರಿನಲ್ಲಿ 1961ರಲ್ಲಿ ಜಾವಾ ತಯಾರಿಕೆ ಶುರು ಮಾಡಿತು, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಬಿಟ್ಟಿತು, 1996ರಲ್ಲಿ ಬಾಗಿಲು ಹಾಕಿತು. ಇತ್ತೀಚೆಗೆ ಅದೇ ಹೆಸರಿನಲ್ಲಿ ಹೊಸ ಗಾಡಿಗಳು ಬಂದಿವೆ, ನಿಜ. ಹಳೆಯದಕ್ಕೆ ಅವುಗಳ ಭಾಗ ಕೂಡುವುದಿಲ್ಲ.

ಈ ಗಾಡಿಗಳ ವಂಶದಲ್ಲಿ ಮಣ್ಣಿನ ಓಟ ಮೊದಲಿನಿಂದಲೂ ಇದೆ. ಜಾವಾದ ತವರು ಚೆಕ್ ನಾಡು. ಅಲ್ಲಿನದೇ ಆದ ಸಿಜೆಡ್ ಗಾಡಿ ಏರಿ ಬೆಲ್ಜಿಯಂನ ಜೋಯೆಲ್ ರೋಬೆರ್ 1964ರಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಪಟ್ಟ ಗೆದ್ದ. ನಮ್ಮಲ್ಲಿಯೂ ಡರ್ಟ್ ಟ್ರ್ಯಾಕ್ ಓಟಕ್ಕೆ ಮಡ್‌ಗಾರ್ಡ್, ದೀಪ ಕಳಚಿ ಇಳಿಸಿದ್ದು ಇಂಥ ರಸ್ತೆ ಗಾಡಿಗಳನ್ನೇ. ಅದಕ್ಕೆಂದೇ ಮಾಡಿದ ಡರ್ಟ್ ಬೈಕ್ ಆಗ ಎಷ್ಟು ಜನರ ಕೈಗೆಟುಕುತ್ತಿತ್ತು?

ಶಾಕಪ್ಪಿನ ಒಳಗೆ ನಡೆಯುವುದು ಸರಳ ಕೆಲಸ. ಹೊರಗಿನ ಸ್ಪ್ರಿಂಗ್ ಗುಂಡಿಯ ಪೆಟ್ಟನ್ನು ತಾಳಿಕೊಳ್ಳುತ್ತದೆ. ತಾಳಿಕೊಂಡದ್ದನ್ನು ಒಮ್ಮೆಲೇ ವಾಪಸ್ ಕೊಟ್ಟರೆ ಸವಾರ ಸೀಟಿನಿಂದ ಏಳುತ್ತಾನೆ, ಗಾಲಿ ನೆಲ ಬಿಡುತ್ತದೆ. ಅದನ್ನು ತಡೆಯುವುದು ಒಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ನುಸುಳಬೇಕಾದಾಗ ರಾಡಿನ ಓಟ ನಿಧಾನವಾಗುತ್ತದೆ, ಪೆಟ್ಟಿನ ಶಕ್ತಿ ಬಿಸಿಯಾಗಿ ಹೊರಬೀಳುತ್ತದೆ. ಎಣ್ಣೆ ಸೋರಿತೆಂದರೆ ಉಳಿಯುವುದು ಬರೀ ಸ್ಪ್ರಿಂಗ್.

ಮನೆಯಂಗಳದಲ್ಲೇ ಈ ಕೆಲಸ ಮಾಡಬಹುದು, ಅವಸರ ಇರಬಾರದು ಅಷ್ಟೆ. ಗಾಡಿಯನ್ನು ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಒಂದೊಂದೇ ಬದಿಯ ಶಾಕಪ್ ಕಳಚಬೇಕು. ಎರಡನ್ನೂ ಒಟ್ಟಿಗೆ ತೆಗೆದರೆ ಹಿಂದಿನ ಗಾಲಿ ಜೋತುಬೀಳುತ್ತದೆ. ಮೊದಲು ಎರಡೂ ತುದಿಯ ರಬ್ಬರ್ ಬುಷ್ ನೋಡಬೇಕು. ಎಷ್ಟೋ ಸಲ ಕಟಕಟ ಸದ್ದಿಗೆ ಕಾರಣ ಸವೆದ ಬುಷ್ ಮಾತ್ರ, ಶಾಕಪ್ಪಿಗೆ ಏನೂ ಆಗಿರುವುದಿಲ್ಲ. ನಂತರದ್ದು ಅಪಾಯದ ಹಂತ. ಬಿಗಿದ ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿಯೇ ಒತ್ತಿ ಲಾಕ್ ತೆಗೆಯಬೇಕು. ಒಬ್ಬ ಕೈಯಿಂದ ಅದುಮಿ ಇನ್ನೊಬ್ಬ ಲಾಕ್ ಎಳೆಯುವ ರೂಢಿ ಹಲವೆಡೆ ಇದೆ. ಸ್ಪ್ರಿಂಗ್ ಜಾರಿದರೆ ಬೆರಳು, ಕಣ್ಣು ಎರಡಕ್ಕೂ ಕುತ್ತು. ಆ ರೂಢಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಈ ಕೆಲಸದ ಜೀವ ಇರುವುದು ರಾಡಿನಲ್ಲಿ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ಉಗುರನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆಯಬೇಕು. ಉಗುರು ಎಲ್ಲಿಯೂ ತಡೆಯದಿದ್ದರೆ ರಾಡು ಒಳ್ಳೆಯದು. ತುಕ್ಕಿನ ಚುಕ್ಕೆಗೆ ಉಗುರು ಸಿಕ್ಕಿಕೊಂಡರೆ ಆ ಚುಕ್ಕೆ ಎಣ್ಣೆ ತಡೆಯುವ ಹೊಸ ಸೀಲನ್ನೂ ತಿನ್ನುತ್ತದೆ. ಆಗ ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಹೊಸ ರಾಡು ಮಾಡಿಸಬೇಕು. ಸೊಲ್ಲಾಪುರದವರಿಗೆ ಇಲ್ಲಿ ಊರಿನ ಕಸುಬೇ ಆಸರೆ. 1877ರಲ್ಲಿ ಹುಟ್ಟಿದ ಹಳೆಯ ಗಿರಣಿಯ ಕಾಲದಿಂದ ಹಿಡಿದು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ಚಾದರ, ಟವೆಲ್ ನೇಯುವ ಮಗ್ಗಗಳವರೆಗೆ ಯಂತ್ರ ಇರುವಲ್ಲಿ ಲೇಥ್ ಇದ್ದೇ ಇರುತ್ತದೆ. ಮಗ್ಗದ ದಂಡ ತಿರುಗಿಸಿ ಪಳಗಿದ ಕೈಗೆ ಶಾಕಪ್ಪಿನ ರಾಡು ದೊಡ್ಡ ಮಾತಲ್ಲ. ತುಟಿ ಮಡಿಚಿ ಮುಚ್ಚಿದ ಶಾಕಪ್ಪನ್ನು ಲೇಥಿನಲ್ಲಿ ಕತ್ತರಿಸಿ, ಚೂಡಿ ಕೊರೆದು, ಮುಂದೆ ಬೇಕಾದಾಗ ಬಿಚ್ಚಲು ಬರುವಂತೆ ನಟ್ ಕೂರಿಸುವುದೂ ಅಂಥದೇ ಕೈಯ ಕೆಲಸ. ಬಿಸಾಡಲೆಂದೇ ಮುಚ್ಚಿದ್ದನ್ನು ದುರಸ್ತಿಗೆ ಬರುವಂತೆ ಮಾಡುವ ಈ ಜಾಣ್ಮೆಗೆ ನಾವು ಕೊಡುವ ಬೆಲೆ ತೀರಾ ಕಡಿಮೆ.

ಸೀಲ್ ಕೊಳ್ಳುವಾಗ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ವರ್ನಿಯರ್‌ನಿಂದ ಅಳೆದುಕೊಂಡೇ ಅಂಗಡಿಗೆ ಹೋಗಬೇಕು. ಅಳತೆ ಕೂಡಿದ ಮಾತ್ರಕ್ಕೆ ಮುಗಿಯಲಿಲ್ಲ. ತಿರುಗುವ ಶಾಫ್ಟಿನ ಸೀಲ್ ಬೇರೆ, ಮೇಲೆ ಕೆಳಗೆ ಜಾರುವ ರಾಡಿನದು ಬೇರೆ. ಮೊದಲನೆಯದನ್ನು ಹಾಕಿದರೆ ಬೇಗ ಸೋರಲು ಶುರು. ಕೂರಿಸುವಾಗ ರಾಡಿನ ಚೂಡಿಗೆ ತೆಳು ಪ್ಲಾಸ್ಟಿಕ್ ಸುತ್ತಿಕೊಂಡರೆ ಸೀಲಿನ ತುಟಿ ಹರಿಯುವುದಿಲ್ಲ. ತುಟಿಯ ಮುಖ ಎಣ್ಣೆಯ ಕಡೆಗಿರಬೇಕು.

ಎಣ್ಣೆಯ ವಿಷಯದಲ್ಲಿ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವವರೇ ಹೆಚ್ಚು. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕೆಟ್ಟ ರಸ್ತೆಯಲ್ಲಿ ಶಾಕಪ್ ತಾನೂ ಕಾಯುತ್ತದೆ. ಕಾದ ಎಣ್ಣೆ ತೆಳ್ಳಗಾಗಿ ಹಿಡಿತ ಬಿಡುತ್ತದೆ. ಕಾದರೂ ಗುಣ ಬಿಡದಂತೆ, ನೊರೆ ಕಟ್ಟದಂತೆ ತಯಾರಿಸಿದ ಫೋರ್ಕ್ ಆಯಿಲ್ ಸಿಗುತ್ತದೆ, ಅದನ್ನೇ ಹಾಕಬೇಕು. ಕಂಠಮಟ್ಟ ತುಂಬಿಸಬಾರದು. ರಾಡು ಒಳಗೆ ಬಂದಾಗ ಅದಕ್ಕೂ ಜಾಗ ಬೇಕು. ಇಲ್ಲದಿದ್ದರೆ ಒತ್ತಡ ಸೀಲನ್ನೇ ಹೊರಕ್ಕೆ ತಳ್ಳುತ್ತದೆ. ಹೊರಬಂದ ಹಳೆ ಎಣ್ಣೆಯ ಅಳತೆಯನ್ನೂ ನಂಬಬಾರದು, ಅರ್ಧ ಅದಾಗಲೇ ಸೋರಿರುತ್ತದೆ. ಕೈಪಿಡಿಯ ಅಳತೆ ಹಿಡಿದು ಎರಡೂ ಬದಿಗೆ ಇಂಜೆಕ್ಷನ್ ಸಿರಿಂಜಿನಲ್ಲಿ ಸಮ ಸಮ ಹಾಕಬೇಕು. ಒಂದು ಬಿಗಿ, ಒಂದು ಸಡಿಲ ಆದರೆ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಆಮೇಲೆ ಶಾಕಪ್ಪನ್ನು ನೆಟ್ಟಗೆ ಹಿಡಿದು, ರಾಡನ್ನು ನಿಧಾನಕ್ಕೆ ಎಳೆದು ಒತ್ತಿ ಗಾಳಿ ಬಿಡಿಸಬೇಕು. ನಡುವೆ ಎಲ್ಲಿಯೂ ಕೈಗೆ ಪೊಳ್ಳು ತಾಗಬಾರದು.

ಮೋನೋಶಾಕ್ ಗಾಡಿಗಳ ಕಥೆ ಬೇರೆ. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಯೋಚಿಸಿದ ಒಂಟಿ ಶಾಕಪ್ಪಿನ ವಿನ್ಯಾಸವನ್ನು ಯಮಹಾ ಕೊಂಡಿತು. 1973ರಲ್ಲಿ ಹಾಕಾನ್ ಆಂಡರ್ಸನ್ ಆ ಗಾಡಿಯಲ್ಲೇ 250 ಸಿಸಿ ವಿಶ್ವ ಪಟ್ಟ ಗೆದ್ದ ಮೇಲೆ ಮೋಟೊಕ್ರಾಸ್‌ನಲ್ಲಿ ಜೋಡಿ ಶಾಕಪ್ ಹಿಂದೆ ಬೀಳತೊಡಗಿತು. ಇಂಥ ಒಂಟಿ ಶಾಕಪ್ಪುಗಳಲ್ಲಿ ಸಾಮಾನ್ಯವಾಗಿ ಸುಮಾರು 10 ಬಾರ್ ಒತ್ತಡದ ನೈಟ್ರೋಜನ್ ಇರುತ್ತದೆ, ಕಾರಿನ ಟೈರಿನ ಗಾಳಿಗಿಂತ ಹಲವು ಪಟ್ಟು ಹೆಚ್ಚು. ಗ್ಯಾಸ್ ಇಳಿಸದೆ ಅದಕ್ಕೆ ಪಾನಾ ಹಾಕಿದರೆ ಜೀವಕ್ಕೇ ಎರವು. ಮರುತುಂಬಿಸುವ ಸಲಕರಣೆ ಇರುವಲ್ಲಿಗೇ ಒಯ್ಯಬೇಕು.

ಜೋಡಿ ಶಾಕಪ್ ಕೂರಿಸಿದ ಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಹೊಲದ ಹಾದಿ ಸುತ್ತಿ ಬನ್ನಿ. ಬಂದು ರಾಡನ್ನು ನೋಡಿ. ತೆಳ್ಳನೆಯ ಪಸೆ ಇದ್ದರೆ ಚಿಂತೆಯಿಲ್ಲ, ಸೀಲಿಗೂ ಅಷ್ಟು ಎಣ್ಣೆ ಬೇಕು. ಹನಿ ಕಟ್ಟಿ ಧೂಳು ಮೆತ್ತಿಕೊಂಡಿದ್ದರೆ ಮತ್ತೆ ಬಿಚ್ಚಿ ರಾಡಿಗೆ ಇನ್ನೊಮ್ಮೆ ಉಗುರು ಆಡಿಸಿ.