ನಾನು ಮೆಚ್ಚಿದ ಮೂರು ಆಟಗಳು

ಕನ್ನಡ ಉಪನ್ಯಾಸಕನಿಗೆ ವಿಡಿಯೊ ಗೇಮಿನ ಹುಚ್ಚೆಂದರೆ ವಾಚಕರು ನಕ್ಕಾರು. ನಗಲಿ.

ತಿಕೋಟಾದ ನಮ್ಮ ಬಾಲ್ಯದಲ್ಲಿ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯಿದ್ದ ಮನೆಯೇ ಅರಮನೆ. ಜಪಾನಿನ ಶಿಗೆರು ಮಿಯಾಮೊಟೊ 1985ರಲ್ಲಿ ಸೃಷ್ಟಿಸಿದ 'ಸೂಪರ್ ಮಾರಿಯೊ' ಪರಿಚಯವಾದದ್ದು ಅಲ್ಲಿಯೇ. ಏಳು ಕೋಟೆಗಳನ್ನು ಗೆದ್ದರೂ ರಾಜಕುಮಾರಿ ಬೇರೊಂದು ಕೋಟೆಯಲ್ಲಿರುವಳೆಂಬ ಉತ್ತರ! ಅಜ್ಜಿಯ ಕತೆಯೂ ಇಷ್ಟು ಕಾಡಿಸದು. ನಡುವೆ ವಿದ್ಯುತ್ತು ಹೋಯಿತೋ, ಮತ್ತೆ ಮೊದಲಿನಿಂದಲೇ ಆರಂಭ. ದ್ರಾಕ್ಷಿ ತೋಟಗಳ ಈ ಸೀಮೆಯಲ್ಲಿ ಬೇಸಿಗೆಯ ವಿದ್ಯುತ್ತನ್ನು ನಂಬಿದವರುಂಟೆ? ಎಂಟನೆಯ ಕೋಟೆಯನ್ನು ನಾವು ಕಂಡದ್ದು ತೀರ ವಿರಳ.

1997ರಲ್ಲಿ ನೋಕಿಯಾ ಫೋನಿನೊಳಗೆ ಬಂದ ಹಾವಿನಾಟ ಎರಡನೆಯದು. ತಿಂದಷ್ಟೂ ಬೆಳೆಯುವ ಹಾವು ಕಡೆಗೆ ತನ್ನ ಮೈಯನ್ನೇ ತಾಗಿ ಸಾಯುತ್ತದೆ.

ಅಗ್ರಪೂಜೆ ಮಾತ್ರ 'ಟೆಟ್ರಿಸ್'ಗೆ ಸಲ್ಲಬೇಕು. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ರಚಿಸಿದ ಈ ಆಟದಲ್ಲಿ ನಾಲ್ಕು ಚೌಕಗಳ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ. ತುಂಬಿದ ಸಾಲು ಕರಗುತ್ತದೆ; ಎಡೆಬಿಟ್ಟ ಸಾಲು ಅಣಕಿಸುತ್ತ ಉಳಿಯುತ್ತದೆ. ಬರಬರುತ್ತ ವೇಗ ಹೆಚ್ಚುವುದು. ಕತೆಯಿಲ್ಲ, ನಾಯಕನಿಲ್ಲ, ಆದರೂ ಕೈ ಬಿಡದು.

ಈ ಮೂರರಲ್ಲಿ ಸೋತವನು ಕಳೆದುಕೊಂಡದ್ದು ಹೊತ್ತನ್ನಷ್ಟೆ. ಧರ್ಮರಾಯನ ಕತೆ ಬಲ್ಲ ನಾಡು ಹಣದ ಪಣವಿರುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕಾನೂನಿನಿಂದ ನಿಷೇಧಿಸಿತು. ನನ್ನ ವಿದ್ಯಾರ್ಥಿಗಳ ಫೋನಿನಲ್ಲಿ ವೀರನಿಗೆ ಹೊಸ ಅಂಗಿ ತೊಡಿಸಲು ಹಣ ಬೇಡುವ ಆಟಗಳಿಗೆ ಆ ತಡೆಯಿಲ್ಲ.