‘ಸರಿಹೋಯ್ತಲ್ಲ, ಇನ್ನೇನು?’: ಮಿನಿ ಸ್ಟ್ರೋಕ್ ಆದ ಮೇಲೆ ಮೆದುಳಲ್ಲಿ ನಡೆಯುವುದೇನು

ಕೈಗೆ ಶಕ್ತಿ ಬಂತು, ಮಾತು ಮರಳಿತು ಅಂದ ಮಾತ್ರಕ್ಕೆ ಮೆದುಳು ಚೇತರಿಸಿಕೊಂಡಿದೆ ಎಂದಲ್ಲ. ಚೇತರಿಕೆಗೆ ಮಾತ್ರೆಯಷ್ಟೇ ಸಮಯವೂ ಬೇಕು. ಆ ಸಮಯ ಯಾರಿಗೆ ಸಿಗುತ್ತೆ ಎಂಬುದು ರಾಜಕೀಯದ ಪ್ರಶ್ನೆ.

ಲಕ್ವ ಅಂದ್ರೆ ಎಲ್ಲರಿಗೂ ಗೊತ್ತು. ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಬಿದ್ದುಹೋಗಿ ಹಾಸಿಗೆ ಹಿಡಿದವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಅದೇ ಲಕ್ವ ಬಂದು, ಅರ್ಧ ಗಂಟೆ ಇದ್ದು, ತಾನಾಗಿಯೇ ಹೊರಟುಹೋದರೆ? ಆಗ ನಾವು ಅದನ್ನು ಗ್ಯಾಸ್ ಅಂತೀವಿ, ಸುಸ್ತು ಅಂತೀವಿ, ದೃಷ್ಟಿ ತೆಗೀತೀವಿ. ವೈದ್ಯರು ಅದನ್ನು ಟಿಐಎ, ಅಂದ್ರೆ ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್ ಅಂತಾರೆ. ಆಡುಮಾತಲ್ಲಿ ಮಿನಿ ಸ್ಟ್ರೋಕ್. ‘ಮಿನಿ’ ಅನ್ನೋ ಪದವೇ ನಮ್ಮನ್ನು ದಾರಿ ತಪ್ಪಿಸುತ್ತೆ.

ಆ ಇಪ್ಪತ್ತು ನಿಮಿಷದಲ್ಲಿ

ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಭಾಗ ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಬೇಕು. ಹಾಗಂತ ಕೂಡಿಟ್ಟುಕೊಳ್ಳಲು ಅದಕ್ಕೆ ಗೋದಾಮಿಲ್ಲ. ರಕ್ತ ಹೊತ್ತು ತರುವ ಆಮ್ಲಜನಕ, ಗ್ಲೂಕೋಸ್ ಅಂದಂದಿನದು ಅಂದಂದಿಗೆ, ಥೇಟ್ ದಿನಗೂಲಿ ಸಂಸಾರದ ಹಾಗೆ.

ಪ್ರತಿ ನರಕೋಶದ ಗೋಡೆಯಲ್ಲೂ ಸೋಡಿಯಂ ಹೊರಗೆ ತಳ್ಳುವ, ಪೊಟ್ಯಾಸಿಯಂ ಒಳಗೆ ಎಳೆಯುವ ಪಂಪುಗಳಿವೆ. ಅವು ಓಡುವುದು ಎಟಿಪಿ ಎಂಬ ಇಂಧನದಿಂದ. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಕೆಲವೇ ನಿಮಿಷದಲ್ಲಿ ಇಂಧನ ಖಾಲಿ, ಪಂಪು ಬಂದ್. ಹಿಡಿತ ತಪ್ಪಿದ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಯತೊಡಗುತ್ತೆ. ಗ್ಲುಟಮೇಟ್ ಕೆಟ್ಟದ್ದೇನಲ್ಲ. ನಾವು ಕಲಿಯುವುದು, ನೆನಪಿಟ್ಟುಕೊಳ್ಳುವುದು ಅದರಿಂದಲೇ. ಆದರೆ ಅತಿಯಾದರೆ ಅದು ಪಕ್ಕದ ಕೋಶಗಳ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಆ ಬಾಗಿಲಿಂದ ಕ್ಯಾಲ್ಸಿಯಂ ನುಗ್ಗುತ್ತೆ, ಕೋಶವನ್ನು ಒಳಗಿಂದಲೇ ಜೀರ್ಣಿಸುವ ಕಿಣ್ವಗಳನ್ನು ಎಬ್ಬಿಸುತ್ತೆ. ದೊಡ್ಡ ರಕ್ತನಾಳ ಕಟ್ಟಿದ ಸ್ಟ್ರೋಕಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದ್ದರು.

ಮಿನಿ ಸ್ಟ್ರೋಕಿನಲ್ಲಿ ಈ ಸರಪಳಿ ಪೂರ್ತಿಯಾಗುವ ಮೊದಲೇ ಹೆಪ್ಪು ಕರಗುತ್ತೆ ಅಥವಾ ಜಾರಿಹೋಗುತ್ತೆ. ಪಂಪು ಮತ್ತೆ ಓಡುತ್ತೆ, ಕೈ ಎತ್ತಲು ಬರುತ್ತೆ. ಹಾಗಂತ ಎಲ್ಲವೂ ಮೊದಲಿನಂತಾಯಿತು ಎಂದಲ್ಲ. ಮೊದಲೆಲ್ಲ 24 ಗಂಟೆಯೊಳಗೆ ಲಕ್ಷಣ ಹೋದರೆ ಸಾಕು, ಅದು ಟಿಐಎ. ಎಂಆರ್‌ಐ ಸ್ಕ್ಯಾನ್ ಬಂದ ಮೇಲೆ ಅಂಥವರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮೆದುಳಲ್ಲಿ ಹೊಸ ಗಾಯದ ಚುಕ್ಕೆ ಕಂಡಿತು. ಹಾಗಾಗಿ 2009ರಲ್ಲಿ ಅಮೆರಿಕದ ತಜ್ಞರು ವ್ಯಾಖ್ಯೆಯನ್ನೇ ಬದಲಿಸಿದರು: ಗಡಿಯಾರ ನೋಡಬೇಡಿ, ಮೆದುಳಿನ ಅಂಗಾಂಶಕ್ಕೆ ಏನಾಗಿದೆ ನೋಡಿ.

ಮೊದಲ ಎರಡು ದಿನ

ಹೆಪ್ಪು ಜಾರಿಹೋಯಿತು, ಅದನ್ನು ಕಳಿಸಿದ ಕಾರಣ ಎಲ್ಲಿ ಹೋಯಿತು? ಕುತ್ತಿಗೆಯ ರಕ್ತನಾಳದ ಕೊಬ್ಬು, ತಾಳ ತಪ್ಪಿದ ಹೃದಯ, ಹತೋಟಿಗೆ ಬಾರದ ಬಿಪಿ, ಶುಗರ್ ಎಲ್ಲವೂ ಇದ್ದಲ್ಲೇ ಇವೆ. 2000ದಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ದೊಡ್ಡ ಅಧ್ಯಯನವೊಂದರಲ್ಲಿ ಟಿಐಎ ಆದ ನೂರರಲ್ಲಿ ಸುಮಾರು ಹತ್ತು ಮಂದಿಗೆ 90 ದಿನದೊಳಗೆ ಪೂರ್ಣ ಸ್ಟ್ರೋಕ್ ಆಗಿತ್ತು. ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನದಲ್ಲಿ.

ಇದನ್ನು ತಡೆಯಬಹುದೇ? ಖಂಡಿತ. ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ ತಂಡದ 2007ರ ಎಕ್ಸ್‌ಪ್ರೆಸ್ ಅಧ್ಯಯನದಲ್ಲಿ, ತಡಮಾಡದೆ ಅಂದೇ ಚಿಕಿತ್ಸೆ ಶುರುಮಾಡಿದಾಗ 90 ದಿನದೊಳಗಿನ ಸ್ಟ್ರೋಕ್ ಶೇ. 10.3ರಿಂದ ಶೇ. 2.1ಕ್ಕೆ ಇಳಿಯಿತು. ಬಳಸಿದ್ದು ದುಬಾರಿ ಔಷಧವೇನಲ್ಲ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಜೊತೆಗೆ ಕೊಲೆಸ್ಟರಾಲ್ ಮತ್ತು ಬಿಪಿ ಮಾತ್ರೆ. ಹಾಗಂತ ನೀವೇ ಮೆಡಿಕಲ್ ಶಾಪಿಂದ ಆಸ್ಪಿರಿನ್ ತಂದು ನುಂಗಬೇಡಿ. ಮೆದುಳಿನ ರಕ್ತಸ್ರಾವವೂ ಹೀಗೇ ಕಾಣಬಹುದು. ಅದನ್ನು ಬೇರ್ಪಡಿಸಲು ಸ್ಕ್ಯಾನೇ ಆಗಬೇಕು.

ಸುಸ್ತು ಅನ್ನೋದು ನಾಟಕವಲ್ಲ

ಮೂರು ವರ್ಷದ ಹಿಂದೆ ನಮ್ಮಮ್ಮನಿಗೆ ಗಾರ್ಮೆಂಟ್ಸಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾಗಲೇ ಬಲಗೈ ಜೋತುಬಿತ್ತು. ಇಪ್ಪತ್ತು ನಿಮಿಷಕ್ಕೆ ಸರಿಹೋಯ್ತು. ಅವತ್ತೇ ಸಂಜೆ ಆಸ್ಪತ್ರೆಗೆ ಹೋದೆವು, ಮಾತ್ರೆ ಶುರುವಾಯಿತು, ದೊಡ್ಡ ಸ್ಟ್ರೋಕ್ ಆಗಲಿಲ್ಲ. ಕಷ್ಟ ಶುರುವಾದದ್ದು ಆಮೇಲೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುವ ಸುಸ್ತು, ಸಣ್ಣದಕ್ಕೂ ಅಳು, ಲೈನಿನ ಗದ್ದಲದಲ್ಲಿ ಹೇಳಿದ್ದು ತಲೆಗೆ ಹತ್ತದು. ಟಾರ್ಗೆಟ್ ತಪ್ಪಿದಾಗ ಸೂಪರ್‌ವೈಸರ್ ಕೇಳಿದ್ದು, “ಎಲ್ಲಾ ಸರಿ ಇದೆ ಅಂದ್ರಲ್ಲಮ್ಮಾ ಡಾಕ್ಟ್ರು? ಮತ್ಯಾಕೆ ನಾಟಕ?” ನಾಲ್ಕು ತಿಂಗಳಿಗೆ ಅಮ್ಮ ಕೆಲಸ ಬಿಟ್ಟರು.

ಅದು ನಾಟಕವಾಗಿರಲಿಲ್ಲ. 2025ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಟಿಐಎ ಆದ 350ಕ್ಕೂ ಹೆಚ್ಚು ಜನರನ್ನು ಒಂದು ವರ್ಷ ಗಮನಿಸಿತು. ವರ್ಷದ ಕೊನೆಗೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸುಸ್ತು ಉಳಿದಿತ್ತು.

ಗಾಯದ ಸುತ್ತ ಮೆದುಳಲ್ಲಿ ಏನಾಗುತ್ತೆ ಎಂಬುದಕ್ಕೆ ಒಂದು ಸುಳಿವು 2010ರಲ್ಲಿ ‘ನೇಚರ್’ನಲ್ಲಿ ಬಂದ ಇಲಿಗಳ ಪ್ರಯೋಗದಲ್ಲಿದೆ. ಅದು ಪೂರ್ಣ ಸ್ಟ್ರೋಕಿನ ಪ್ರಯೋಗ. ಗ್ಲುಟಮೇಟ್ ವೇಗವಾದರೆ, ಗಾಬಾ ಎಂಬ ರಾಸಾಯನಿಕ ಬ್ರೇಕ್. ಸ್ಟ್ರೋಕ್ ಆದ ಮೇಲೆ ಗಾಯದ ಸುತ್ತಲಿನ ಕೋಶಗಳ ಮೇಲೆ ಗಾಬಾದ ಹಿಡಿತ ಬಿಗಿಯಾಗಿತ್ತು. ಆ ಬ್ರೇಕನ್ನು ಔಷಧದಿಂದ ತೀರಾ ಬೇಗ ಸಡಿಲಿಸಿದರೆ ಗಾಯ ದೊಡ್ಡದಾಯಿತು. ಮೂರು ದಿನ ಬಿಟ್ಟು ಸಡಿಲಿಸಿದಾಗ ಇಲಿಗಳ ಚಲನೆ ಸುಧಾರಿಸಿತು. ಅಂದರೆ ಮೊದಲ ದಿನಗಳಲ್ಲಿ ಕಾಪಾಡುವ ರಸಾಯನವೇ ಆಮೇಲೆ ಕಲಿಕೆಗೆ ಅಡ್ಡಿ. ಚೇತರಿಕೆಗೆ ಅದರದೇ ಕಾಲಕ್ರಮ ಇದೆ.

ಹಾಗಾದರೆ ಒಂದು ಮಾತ್ರೆ ಕೊಟ್ಟು ಕೆಮಿಸ್ಟ್ರಿ ಸರಿಮಾಡಬಾರದೇ? ಪ್ರಯತ್ನ ಬಹಳ ನಡೆದಿದೆ. ಗ್ಲುಟಮೇಟ್ ತಡೆಯುವ ಹಲವು ಔಷಧಗಳು ಪ್ರಾಣಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತವು. ಸೆರೊಟೋನಿನ್ ಹೆಚ್ಚಿಸುವ ಫ್ಲುಯಾಕ್ಸೆಟಿನ್ 2011ರ ಒಂದು ಸಣ್ಣ ಫ್ರೆಂಚ್ ಅಧ್ಯಯನದಲ್ಲಿ ಭರವಸೆ ಹುಟ್ಟಿಸಿತ್ತು. ಮೂರು ಸಾವಿರಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳಿದ್ದ ಬ್ರಿಟನ್ನಿನ ಫೋಕಸ್ ಅಧ್ಯಯನದಲ್ಲಿ ಕೈಕಾಲಿನ ಚೇತರಿಕೆಗೆ ಲಾಭ ಕಾಣಲಿಲ್ಲ. ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಜಾಸ್ತಿಯಾಯಿತು. ಹಾಗಾಗಿ ‘ಬ್ರೈನ್ ಟಾನಿಕ್’, ಪಾರಿವಾಳದ ರಕ್ತ ಎರಡನ್ನೂ ನಂಬಬೇಡಿ. ಕೆಲಸಕ್ಕೆ ಬರುವುದು ಬಿಪಿ, ಶುಗರ್ ಹತೋಟಿ, ತಂಬಾಕು ಬಿಡುವುದು, ನಡಿಗೆ, ನಿದ್ದೆ, ಮನಸ್ಸು ಕುಗ್ಗಿದರೆ ಅದಕ್ಕೆ ಚಿಕಿತ್ಸೆ, ಮತ್ತು ನಿಧಾನವಾಗಿ ಕೆಲಸಕ್ಕೆ ಮರಳುವ ಅವಕಾಶ.

ಅವಕಾಶ ಯಾರಿಗಿದೆ?

ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಕಾಯಿಲೆ ಭತ್ಯೆ ಇದೆ. ಆದರೆ ಕಣ್ಣಿಗೆ ಕಾಣದ ಸುಸ್ತನ್ನು ಕಾಯಿಲೆ ಅಂತ ಬರೆದುಕೊಡುವವರು ಬೇಕಲ್ಲ? ಕಟ್ಟಡ ಕಾರ್ಮಿಕರು, ಮನೆಗೆಲಸದವರು, ಡೆಲಿವರಿ ಹುಡುಗರಿಗಂತೂ ರಜೆ ಅಂದ್ರೆ ಅವತ್ತಿನ ಅನ್ನ ಇಲ್ಲ.

ಕರ್ನಾಟಕದ ಕೈಯಲ್ಲಿ ಸಾಧನಗಳು ಇಲ್ಲದೇನಿಲ್ಲ. ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಇದೆ. 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಕಲ್ಯಾಣ ಮಂಡಳಿ, ನಿಧಿ ಎರಡೂ ಇವೆ. ಕೇಳಬೇಕಾದ್ದು ಇಷ್ಟು: ತಾಲ್ಲೂಕು ಮಟ್ಟದಿಂದ ಅಂದೇ ಸ್ಕ್ಯಾನ್ ಸಿಗುವ ವ್ಯವಸ್ಥೆ, ಟಿಐಎ ಆದವರಿಗೆ ಕನಿಷ್ಠ ಮೂರು ತಿಂಗಳು ಕಡಿಮೆ ಅವಧಿಯ ಕೆಲಸದ ಹಕ್ಕು, ಗಿಗ್ ನಿಧಿಯಿಂದ ಕಾಯಿಲೆ ಭತ್ಯೆ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆ ತಲುಪುವಷ್ಟರಲ್ಲಿ ಸರಿಹೋದರೂ ವಾಪಸ್ ಬರಬೇಡಿ.