ಬ್ಯಾಂಕಿನ ನೋಟಿಸು ಬಂದ ಮನೆಗೆ ಬ್ರೋಕರು ಬಂದಾಗ



ಮನೆ ಅಡವಿಟ್ಟು ತೆಗೆದ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಬ್ಯಾಂಕಿನವರು ಅದನ್ನು ಸುಸ್ತಿ ಸಾಲ ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ನೋಟಿಸು ಬರುತ್ತದೆ. ಅದರ ಬೆನ್ನಿಗೇ ಕೆಲವು ಮನೆಗಳಿಗೆ ಇನ್ನೊಬ್ಬರೂ ಬರುತ್ತಾರೆ. “ಅಕ್ಕಾ, ಮನೆ ಹರಾಜಿಗೆ ಹೋಗ್ತದಂತೆ. ಮರ್ಯಾದೆ ಹೋಗುವ ಮೊದಲು ನಮಗೇ ಕೊಡಿ, ಬ್ಯಾಂಕಿನ ಸಾಲ ನಾವೇ ಕಟ್ತೇವೆ” ಅನ್ನುತ್ತಾರೆ.

ಇವರಿಗೆ ಗೊತ್ತಾಗುವುದು ಹೇಗೆ? ಗುಟ್ಟೇನಿಲ್ಲ. ಅಡವು ನೋಂದಣಿಯಾಗಿದ್ದರೆ ಉಪ ನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುತ್ತದೆ. ಜಮೀನಿನ ಸಾಲ ಪಹಣಿಯ 11ನೇ ಕಾಲಂನಲ್ಲಿ ಕಾಣುತ್ತದೆ. ಬ್ಯಾಂಕು ಮನೆಯನ್ನು ಸ್ವಾಧೀನ ಮಾಡಿಕೊಂಡರೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಂದು ಸ್ಥಳೀಯ ಭಾಷೆಯದ್ದು. ಇದನ್ನೆಲ್ಲ ನೋಡಿ ಮನೆ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅದು ತಪ್ಪೂ ಅಲ್ಲ. ಆದರೆ ಅವರ ಲಾಭವೆಲ್ಲ ನಮ್ಮ ಗಾಬರಿಯಲ್ಲಿದೆ.

ಲೆಕ್ಕ ಹಾಕಿ ನೋಡಿ. ಮನೆಯ ಬೆಲೆ 15 ಲಕ್ಷ, ಬಾಕಿ 6 ಲಕ್ಷ ಅಂತಿಟ್ಟುಕೊಳ್ಳಿ. ಬ್ರೋಕರು ಸಾಲ ತೀರಿಸಿ ಕೈಗೆ 1 ಲಕ್ಷ ಕೊಟ್ಟರೆ ನಮಗೆ ಉಪಕಾರ ಮಾಡಿದಂತೆ ಕಾಣುತ್ತದೆ. ನಿಜವಾಗಿ 8 ಲಕ್ಷ ಹೋಯ್ತು. ಬ್ಯಾಂಕೇ ಹರಾಜು ಮಾಡಿದರೂ ಸಾಲ, ಬಡ್ಡಿ, ಖರ್ಚು ಕಳೆದು ಉಳಿದ ಹಣ ಹಕ್ಕುದಾರರಿಗೇ ಸೇರಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

2002ರ ಸರ್ಫೇಸಿ ಕಾಯ್ದೆಯಂತೆ ಮೊದಲ ನೋಟಿಸಿಗೆ 60 ದಿನ ಸಮಯವಿದೆ. ಆಕ್ಷೇಪಣೆಯನ್ನು ಬರೆದು ಕೊಟ್ಟರೆ, ಒಪ್ಪದಿದ್ದಲ್ಲಿ ಬ್ಯಾಂಕು 15 ದಿನದೊಳಗೆ ಕಾರಣ ತಿಳಿಸಬೇಕು. ಬಾಯಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಒಂದೇ ಸಲ ತೀರುವಳಿ (ಓ.ಟಿ.ಎಸ್.) ಕೇಳಿ. ಕೊಡಲೇಬೇಕೆಂದಿಲ್ಲ, ಕೇಳದೆ ಇದ್ದರೆ ಸಿಗುವುದೂ ಇಲ್ಲ. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ. ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂದು 2020ರಲ್ಲಿ ಅದೇ ಕೋರ್ಟು ತೀರ್ಪು ಕೊಟ್ಟಿತ್ತು.

ಬೇಸಾಯದ ಜಮೀನನ್ನು ಈ ಕಾಯ್ದೆಯಡಿ ಹಿಡಿಯಲು ಬರುವುದಿಲ್ಲ. ಹಾಗಾಗಿ “ಅಡಿಕೆ ತೋಟಕ್ಕೂ ನಾಳೆ ಬೀಗ ಬೀಳ್ತದೆ” ಎಂದು ಹೆದರಿಸಿದರೆ ನಂಬಬೇಡಿ. (ಸಾಲವೇನೂ ಮನ್ನಾ ಆಗುವುದಿಲ್ಲ, ವಸೂಲಿಗೆ ಬೇರೆ ಕಾನೂನು ಇದೆ.) ಯಲ್ಲಾಪುರ ಕಡೆ ಅರಣ್ಯ ಹಕ್ಕು ಪತ್ರ ಸಿಕ್ಕಿದ ಕುಟುಂಬಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಆ ಭೂಮಿ ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕೆ ಬರುವುದಿಲ್ಲ. ಯಾರಾದರೂ ಕೊಳ್ಳುತ್ತೇನೆಂದು ಬಂದರೆ ಚಾ ಕೊಟ್ಟು ಕಳಿಸಿ.

ಮುಖ್ಯವಾದ್ದು ಇದು: 60 ದಿನದ ನೋಟಿಸು ಕೈಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಮನೆಯನ್ನು ಮಾರುವ ಹಾಗಿಲ್ಲ. ಬ್ರೋಕರು ತರುವ ಕರಾರು ಪತ್ರಕ್ಕೆ, ಜನರಲ್ ಪವರಿಗೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಮಾಡಬೇಡಿ. ಮನೆಯವರು ಮಾಡುತ್ತೇನೆಂದರೂ ತಡೆಯಿರಿ. ಜನರಲ್ ಪವರಿನಿಂದ ಮಾಲಕಿ ಬದಲಾಗದೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ, ಆದರೂ ಆ ಕಾಗದ ಹಿಡಿದು ನಮ್ಮನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸಬಹುದು.

ಮಾರುವುದೇ ಅನಿವಾರ್ಯವಾದರೆ ನಾವೇ ಮಾರೋಣ. ನಾಲ್ಕು ಕಡೆ ಬೆಲೆ ಕೇಳಿ. ಕೊಳ್ಳುವವರನ್ನು ಬ್ಯಾಂಕಿಗೇ ಕರೆದೊಯ್ದು, ಬಾಕಿ ಎಷ್ಟೆಂದು ಬರವಣಿಗೆಯಲ್ಲಿ ಪಡೆದು, ಆ ಹಣ ನೇರ ಸಾಲದ ಖಾತೆಗೆ ಬೀಳುವಂತೆ ನೋಡಿಕೊಳ್ಳಿ. ಉಳಿದದ್ದು ನಿಮ್ಮ ಖಾತೆಗೆ. ಸಂಘದ ಸದಸ್ಯೆಯೇ ಇಂಥ ಮನೆ ಕೊಳ್ಳುವುದಾದರೂ ದಾರಿ ಇದೇ. ಇ.ಸಿ. ತೆಗೆಸಿ, ಪಂಚಾಯತಿಯ ಇ-ಸ್ವತ್ತು ನಮೂನೆ ನೋಡಿ, ಕಷ್ಟದಲ್ಲಿರುವ ಮನೆಯ ಹೆಂಗಸರ ಹತ್ತಿರ ಕೂತು ಮಾತಾಡಿ. ಗಂಡಸರು ಒಪ್ಪಿದ್ದು ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ.

ಬ್ಯಾಂಕು ಸ್ವಾಧೀನಕ್ಕೆ ಕ್ರಮ ಕೈಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಅದು ಇರುವುದು ಬೆಂಗಳೂರಿನಲ್ಲಿ, ಆದ್ದರಿಂದ ತಡಮಾಡದೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಫೋನ್ 15100. ಹೋಗುವಾಗ ನೋಟಿಸನ್ನು ಕವರ್ ಸಮೇತ ಒಯ್ಯಿರಿ. ತಲುಪಿದ ತಾರೀಕಿಗೆ ಅದರ ಮೇಲಿನ ಅಂಚೆ ಸೀಲೇ ಆಧಾರ.